ಇಂಗಾಲದ ಲೆಕ್ಕ, ಕಾಳಿಯ ನೀರು

ಕಲ್ಲಿದ್ದಲು, ಪೆಟ್ರೋಲು, ಡೀಸೆಲ್‌ಗಳನ್ನು ಉರಿಸಿದಾಗ ವಾತಾವರಣವನ್ನು ಸೇರಿ ಭೂಮಿಯ ಬಿಸಿಯನ್ನು ಹಿಡಿದಿಡುವ ಅನಿಲಗಳ ಪ್ರಮಾಣಕ್ಕೆ ಇಂಗಾಲದ ಹೊರಸೂಸುವಿಕೆ ಎಂದು ಹೆಸರು. ಅದನ್ನು ತಗ್ಗಿಸಲು ಇಂದು ಹೂಡುತ್ತಿರುವ ಉಪಾಯಗಳಲ್ಲಿ ಹಲವು ನೀರನ್ನು ಬೇಡುತ್ತವೆ. ನೀರನ್ನು ಎತ್ತುವ, ಹರಿಸುವ, ಶುದ್ಧಗೊಳಿಸುವ ಉಪಾಯಗಳಾದರೋ ವಿದ್ಯುತ್ತನ್ನು ಬೇಡುತ್ತವೆ. ಈ ಎರಡು ಬೇಡಿಕೆಗಳು ಒಂದೇ ಸೀಮೆಯ ಮೇಲೆ ಬಂದು ಬಿದ್ದಾಗ ಏನಾಗುತ್ತದೆಂಬುದನ್ನು ಅರಿಯಲು ಉತ್ತರ ಕನ್ನಡದ ಘಟ್ಟದ ಮೇಲಿನ ಜೋಯಿಡಾ, ದಾಂಡೇಲಿ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳಷ್ಟು ತಕ್ಕ ನೆಲ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಜೋಯಿಡಾದ ಡಿಗ್ಗಿಯ ಬಳಿ ಹುಟ್ಟಿ 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಸಮುದ್ರ ಸೇರುವ ಕಾಳಿ ನದಿಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂಬ ಅಣೆಕಟ್ಟುಗಳೂ, ಅದರ ಉಪನದಿಗೆ ತಟ್ಟಿಹಳ್ಳದ ಅಣೆಕಟ್ಟೂ ಅಡ್ಡಲಾಗಿ ನಿಂತಿವೆ. ಅದೇ ನದಿಯ ದಂಡೆಯಲ್ಲಿ ಕಾಗದದ ಕಾರ್ಖಾನೆಯಿದೆ, ಕೆಳಗೆ ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರವಿದೆ, ಮೇಲೆ ಹಳಿಯಾಳದ ಬಯಲಿನಲ್ಲಿ ಕಬ್ಬೂ ಸಕ್ಕರೆ ಕಾರ್ಖಾನೆಯೂ ಇವೆ. ಮುಂಡಗೋಡವೊಂದೇ ಕಾಳಿಯ ಕಣಿವೆಗೆ ಹೊರತಾಗಿ, ಬೇಡ್ತಿ ಮತ್ತು ಧರ್ಮಾ ಹೊಳೆಗಳ ಕಡೆಗೆ ಬಾಗಿದ, ಕೆರೆ ಮತ್ತು ಭತ್ತದ ಸೀಮೆಯಾಗಿದೆ.

ಮುಂದಿನ ಸಂವಾದದಲ್ಲಿ ಮಾತನಾಡುವವರು ಇಬ್ಬರು: ಜಲವಿದ್ಯುತ್ ಕೇಂದ್ರಗಳಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದ ಇಂಜಿನಿಯರರೊಬ್ಬರು ಮತ್ತು ಈ ಸೀಮೆಯ ಕೆರೆ, ಮಣ್ಣು, ಬೆಳೆಗಳನ್ನು ಬಲ್ಲ ಭೂಗೋಳದ ಅಧ್ಯಾಪಕಿಯೊಬ್ಬರು. ಒಬ್ಬರು ಇಂಗಾಲದಿಂದ ಹೊರಟು ನೀರಿನ ಕಡೆಗೆ ಬರುತ್ತಾರೆ, ಇನ್ನೊಬ್ಬರು ನೀರಿನಿಂದ ಹೊರಟು ಇಂಗಾಲದ ಕಡೆಗೆ ಹೋಗುತ್ತಾರೆ.

ಇಂಜಿನಿಯರ್: ಮೇಡಂ, ಮೊದಲು ಒಂದು ಅಂಕಿಯನ್ನು ಮುಂದಿಡುವುದು ಒಳ್ಳೆಯದು. ವಿಶ್ವಸಂಸ್ಥೆಯ ಅಂತರ್‌ಸರ್ಕಾರಿ ಹವಾಮಾನ ಸಮಿತಿಯು 2014ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಗಣಿಗಾರಿಕೆಯಿಂದ ಹಿಡಿದು ಸ್ಥಾವರವನ್ನು ಕಳಚುವವರೆಗಿನ ಇಡೀ ಆಯುಷ್ಯವನ್ನು ಲೆಕ್ಕಕ್ಕೆ ಹಿಡಿದರೆ, ಒಂದು ಯೂನಿಟ್ ವಿದ್ಯುತ್ತಿಗೆ ಕಲ್ಲಿದ್ದಲಿನಿಂದ ಸುಮಾರು 820 ಗ್ರಾಂ, ಜಲವಿದ್ಯುತ್ತಿನಿಂದ 24 ಗ್ರಾಂ, ಅಣುವಿದ್ಯುತ್ತಿನಿಂದ 12 ಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲ ಹೊರಬೀಳುತ್ತದೆ. ಕಾಳಿಯ ನೀರಿನಿಂದ ನಡೆಯುವ ನಾಗಝರಿ ಕೇಂದ್ರದ ನೆಲದಡಿಯಿಂದ ಬರುವ ವಿದ್ಯುತ್ತು ಇಲ್ಲದೆ ಹೋಗಿದ್ದರೆ ಆ ಪಾಲನ್ನು ರಾಯಚೂರಿನ ಉಷ್ಣಸ್ಥಾವರದ ಕಲ್ಲಿದ್ದಲೇ ತುಂಬಬೇಕಾಗಿತ್ತು. ಹಾಗಾಗಿ ಕಾಳಿಯನ್ನು ಕರ್ನಾಟಕದ ಇಂಗಾಲದ ಲೆಕ್ಕದಲ್ಲಿ ದೊಡ್ಡ ಉಳಿತಾಯವೆಂದೇ ಎಣಿಸಬೇಕಾಗುತ್ತದೆ.

ಅಧ್ಯಾಪಕಿ: ಆ 24 ಗ್ರಾಂ ಎಂಬುದು ಹಲವು ಅಂದಾಜುಗಳ ನಡುಮಟ್ಟದ ಅಂಕಿ, ಸರ್. ಅದೇ ವರದಿಯಲ್ಲಿ ಮೇಲಿನ ತುದಿಯ ಅಂಕಿ 2200 ಗ್ರಾಂ ಎಂದಿದೆ, ಅಂದರೆ ಕಲ್ಲಿದ್ದಲಿಗಿಂತಲೂ ಹೆಚ್ಚು. ಇಷ್ಟು ದೊಡ್ಡ ಅಂತರಕ್ಕೆ ಕಾರಣ ನೀರಿನಡಿ ಮುಳುಗಿದ ಕಾಡು: ಮರ, ಎಲೆ, ಮಣ್ಣಿನೊಳಗಿನ ಬೇರುಗಳು ಗಾಳಿಯಿಲ್ಲದ ತಳದಲ್ಲಿ ಕೊಳೆತಾಗ ಮೀಥೇನ್ ಎಂಬ ಅನಿಲ ಹುಟ್ಟುತ್ತದೆ, ಅದು ನೂರು ವರ್ಷಗಳ ಅವಧಿಯಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 27ರಿಂದ 30 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ. ಸೂಪಾದ ಹಿನ್ನೀರು ನುಂಗಿದ್ದು ಬರಡು ಬಯಲನ್ನಲ್ಲ, ಪಶ್ಚಿಮ ಘಟ್ಟದ ದಟ್ಟ ಕಾಡನ್ನು. ಕಾಡಿನ ಜೊತೆಗೆ ಒಂದು ತಾಲ್ಲೂಕಿನ ಮುಖ್ಯ ಪಟ್ಟಣವನ್ನೇ ನುಂಗಿತು: ಸೂಪಾ ಮುಳುಗಿದ ಮೇಲೆ ತಾಲ್ಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು, ಜನ ರಾಮನಗರಕ್ಕೆ ಹೋದರು, ಮುಳುಗಿದ ಊರಿನ ಹೆಸರು ಅಣೆಕಟ್ಟಿಗೆ ಉಳಿಯಿತು. ಕಾಡಿನೊಳಗಿನ ಎಷ್ಟೋ ಮಜರೆಗಳಿಗೆ ವಿದ್ಯುತ್ ಕಂಬ ಬಂದದ್ದು ಅದಾಗಿ ದಶಕಗಳ ಮೇಲೆ.

ಇಂಜಿನಿಯರ್: ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಕೊಳೆಯುವಿಕೆಯ ಹೆಚ್ಚಿನ ಪಾಲು ನೀರು ನಿಂತ ಮೊದಲ ಒಂದೆರಡು ದಶಕಗಳಲ್ಲೇ ಮುಗಿಯುತ್ತದೆ. ಸೂಪಾ ಅಣೆಕಟ್ಟು 1987ರಲ್ಲಿ ಪೂರ್ಣಗೊಂಡಿದ್ದರಿಂದ ಆ ಸಾಲದ ಬಹುಪಾಲು ಈಗಾಗಲೇ ವಾತಾವರಣಕ್ಕೆ ಸಂದಾಯವಾಗಿ ಹೋಗಿದೆ. ಅಲ್ಲದೆ 101 ಮೀಟರ್ ಎತ್ತರದ ಅಣೆಕಟ್ಟಿನ ಹಿಂದೆ ಆಳವಾಗಿ ನಿಂತ ನೀರು, ವಿಶಾಲವಾಗಿ ತೆಳ್ಳಗೆ ಹರಡಿದ ನೀರಿನಷ್ಟು ಅನಿಲ ಬಿಡುವುದಿಲ್ಲ. ಆದ್ದರಿಂದ ಕಟ್ಟಬೇಕೇ ಎಂಬ ಪ್ರಶ್ನೆ ಹೊಸ ಅಣೆಕಟ್ಟುಗಳಿಗೆ ಸಲ್ಲುವಂಥದ್ದು. ಬೇಡ್ತಿಯ ಅಣೆಕಟ್ಟಿನ ವಿಷಯದಲ್ಲಿ ಈ ಜಿಲ್ಲೆಯ ಜನ ಅದನ್ನು 1980ರ ದಶಕದ ಆರಂಭದಲ್ಲೇ ಕೇಳಿದರು, ಯೋಜನೆ ನಿಂತಿತು. ಕಟ್ಟಿ ಮುಗಿದ ಸೂಪಾಕ್ಕೆ ಕೇಳಬೇಕಾದ್ದು ಬೇರೆಯೇ: ಸುಮಾರು 147 ಟಿಎಂಸಿ ನೀರನ್ನು ಹಿಡಿಯುವ ಈ ಜಲಾಶಯದಿಂದ ಯಾವಾಗ, ಎಷ್ಟು, ಯಾರಿಗಾಗಿ ಬಿಡಬೇಕು? ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2.83 ಕೋಟಿ ಘನ ಮೀಟರ್.

ಅಧ್ಯಾಪಕಿ: ಆ ಪ್ರಶ್ನೆಗೆ ಈಗ ಉತ್ತರ ಕೊಡುತ್ತಿರುವುದು ನದಿಯ ದಂಡೆಯ ಊರುಗಳಲ್ಲ, ದೂರದ ಪಟ್ಟಣಗಳ ಸಂಜೆಯ ದೀಪಗಳು. ಮಳೆಗಾಲ ಕಳೆದ ಮೇಲೆ ಸೂಪಾ ಅಣೆಕಟ್ಟಿನ ಬಳಿಯ ಗಣೇಶಗುಡಿಯಿಂದ ದಾಂಡೇಲಿಯವರೆಗೆ ಹೊಳೆ ಏರುವುದೂ ಇಳಿಯುವುದೂ ಸೂಪಾದ ಯಂತ್ರಗಳು ತಿರುಗುವ ವೇಳೆಯನ್ನು ನೋಡಿಕೊಂಡು. ಪ್ರವಾಸಿಗರ ರಬ್ಬರ್ ದೋಣಿಗಳು ಇಳಿಯುವುದೂ ಆ ವೇಳೆಗೇ. ದಾಂಡೇಲಿಯನ್ನು ದಾಟಿದ ನೀರು ಬೊಮ್ಮನಹಳ್ಳಿಯಲ್ಲಿ ತಡೆಯಲ್ಪಟ್ಟು ಸುರಂಗ ಹೊಕ್ಕು ನಾಗಝರಿಯ ಕೆಳಗೆ ಮತ್ತೆ ನದಿಗೆ ಬೀಳುತ್ತದೆ. ಅಣೆಕಟ್ಟಿನಿಂದ ಅಲ್ಲಿಯವರೆಗಿನ ನದಿಪಾತ್ರ ಬೇಸಿಗೆಯಲ್ಲಿ ಬಂಡೆ, ಮಡುಗಳಾಗಿ ಉಳಿಯುತ್ತದೆ. ಜಲವಿದ್ಯುತ್ತು ನೀರನ್ನು ಖರ್ಚು ಮಾಡುವುದಿಲ್ಲ, ಬಳಸಿ ಹಿಂತಿರುಗಿಸುತ್ತದೆ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಹಿಂತಿರುಗಿಸುವುದೇನೋ ನಿಜ, ಪಡೆದ ಜಾಗದಲ್ಲಲ್ಲ, ಪಡೆದ ಹೊತ್ತಿನಲ್ಲೂ ಅಲ್ಲ.

ಇಂಜಿನಿಯರ್: ಸಂಜೆಯ ದೀಪಗಳ ಮಾತನ್ನು ಇನ್ನಷ್ಟು ಬಿಡಿಸಬೇಕು, ಏಕೆಂದರೆ ಕಾಳಿಯ ಬೆಲೆ ಈಗ ಹಿಂದೆಂದಿಗಿಂತ ಹೆಚ್ಚಿರುವುದು ಅಲ್ಲಿಯೇ. ಪಾವಗಡದಂಥ ಸೌರ ಉದ್ಯಾನಗಳಿಂದ ಹಗಲಿನಲ್ಲಿ ಧಾರಾಳವಾಗಿ ವಿದ್ಯುತ್ ಬರುತ್ತದೆ, ಸೂರ್ಯ ಮುಳುಗಿದೊಡನೆ ನಿಲ್ಲುತ್ತದೆ, ಬೇಡಿಕೆಯಾದರೋ ಆಗಲೇ ಏರುತ್ತದೆ. ಕಲ್ಲಿದ್ದಲಿನ ಬಾಯ್ಲರನ್ನು ಬೇಕೆಂದಾಗ ಹೊತ್ತಿಸಿ ಬೇಡವೆಂದಾಗ ಆರಿಸಲಾಗದು, ಜಲಚಕ್ರವನ್ನು ಕೆಲವೇ ನಿಮಿಷಗಳಲ್ಲಿ ತಿರುಗಿಸಬಹುದು. ಹಗಲು ಸೂರ್ಯ, ಸಂಜೆ ನೀರು ಎಂಬ ಈ ಜೋಡಿಯೇ ರಾಜ್ಯದ ಇಂಗಾಲವನ್ನು ತಗ್ಗಿಸುವ ದಾರಿ. ನೀರಿಲ್ಲದ ವರ್ಷ ಏನಾಗುತ್ತದೆಂಬುದನ್ನು 2023 ತೋರಿಸಿತು: ಮುಂಗಾರು ಕೈಕೊಟ್ಟು ಜಲಾಶಯಗಳು ತುಂಬಲಿಲ್ಲ, ಪಂಪ್‌ಸೆಟ್ಟುಗಳ ಹೊರೆ ಏರಿತು, ಅಕ್ಟೋಬರಿನಲ್ಲಿ ಸರ್ಕಾರವು ರಾಜ್ಯದೊಳಗಿನ ಉತ್ಪಾದಕರು ಹೊರಗೆ ವಿದ್ಯುತ್ ಮಾರದಂತೆ ಕಾನೂನಿನ ಅಧಿಕಾರವನ್ನು ಬಳಸಬೇಕಾಯಿತು.

ಅಧ್ಯಾಪಕಿ: ಬರಗಾಲದ ಆ ಪಾಠಕ್ಕೆ ನೆರೆಗಾಲದ ಪಾಠವನ್ನೂ ಜೋಡಿಸಬೇಕಲ್ಲವೇ? ವಿದ್ಯುತ್ತಿಗಾಗಿ ಜಲಾಶಯವನ್ನು ತುಂಬಿಟ್ಟಷ್ಟೂ ಲಾಭ, ನೆರೆಯನ್ನು ತಡೆಯಲು ಖಾಲಿ ಇಟ್ಟಷ್ಟೂ ಕ್ಷೇಮ. 2019ರ ಆಗಸ್ಟಿನಲ್ಲಿ ಕದ್ರಾದ ಬಾಗಿಲುಗಳನ್ನು ತೆರೆದಾಗ ಕೆಳಗಿನ ಊರುಗಳಿಗೆ ನೀರು ನುಗ್ಗಿತು. ಕೈಗಾದ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿಗೆ ತಂಪು ನೀರು ಸಿಗುವುದೂ ಅದೇ ಕದ್ರಾದಿಂದ. 2018ರ ಡಿಸೆಂಬರಿನಲ್ಲಿ ಅಲ್ಲಿನ ಮೊದಲ ಘಟಕ 962 ದಿನ ಎಡೆಬಿಡದೆ ನಡೆದು ವಿಶ್ವದಾಖಲೆ ಬರೆಯಿತೆಂದರೆ, ಅಷ್ಟೂ ದಿನ ಕದ್ರಾದಲ್ಲಿ ನೀರಿನ ಮಟ್ಟ ತಪ್ಪಲಿಲ್ಲ ಎಂದೂ ಅರ್ಥ. ಹೆಚ್ಚು ಕಡಿಮೆ ಇಂಗಾಲವೇ ಇಲ್ಲದ ವಿದ್ಯುತ್ತಿಗೂ ಜೋಯಿಡಾದ ಮಳೆಯೇ ಆಧಾರ.

ಇಲ್ಲಿಯವರೆಗಿನ ಮಾತು ನದಿಯ ಪಾತ್ರದೊಳಗಿನದು. ನೀರು ಪಾತ್ರವನ್ನು ಬಿಟ್ಟು ಮೇಲೇರಬೇಕೆಂದಾಗಲೇ ಲೆಕ್ಕ ಬಿಗಿಯಾಗುತ್ತದೆ. ಜೋಯಿಡಾದ ಘಟ್ಟದಂಚಿನಲ್ಲಿ ಸುರಿಯುವ ಮಳೆ ಪೂರ್ವಕ್ಕೆ ಬಂದಂತೆ ಬೇಗನೆ ತೆಳುವಾಗುತ್ತದೆ. ಧಾರವಾಡದ ಮಗ್ಗುಲಿನ ಹಳಿಯಾಳಕ್ಕೆ ಬರುವ ಹೊತ್ತಿಗೆ ಅದು ಅರೆಮಲೆನಾಡಿನ ಮಳೆ, ಒಂದು ವರ್ಷ ಬಂದರೆ ಇನ್ನೊಂದು ವರ್ಷ ಕೈಕೊಡುವಂಥದ್ದು. ಕಾಳಿಯ ನೀರನ್ನು ಪಂಪುಗಳಿಂದ ಎತ್ತಿ ತಮ್ಮ ಕೆರೆಗಳನ್ನು ತುಂಬಿಸಬೇಕೆಂದು ಹಳಿಯಾಳದ ರೈತರು ನಡೆಸಿದ ಹೋರಾಟಕ್ಕೆ ಈ ಭೂಗೋಳವೇ ಬುನಾದಿ.

ಇಂಜಿನಿಯರ್: ಎತ್ತುವ ನೀರಿಗೆ ಎರಡು ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಒಂದು, ಎತ್ತಲು ಬೇಕಾದ ವಿದ್ಯುತ್ತು: ಸಾವಿರ ಲೀಟರ್ ನೀರನ್ನು ನೂರು ಮೀಟರ್ ಎತ್ತರಕ್ಕೆ ಏರಿಸಲು, ಪಂಪು ಮತ್ತು ಕೊಳವೆಗಳ ನಷ್ಟವನ್ನೂ ಸೇರಿಸಿದರೆ, ಸುಮಾರು 0.4 ಯೂನಿಟ್ ಬೇಕು. ಇನ್ನೊಂದು, ಆ ನೀರು ಕೆಳಗೆ ಬೀಳದೆ ಹೋದದ್ದರಿಂದ ಕಳೆದುಹೋದ ವಿದ್ಯುತ್ತು. ಬೊಮ್ಮನಹಳ್ಳಿಯಿಂದ ನಾಗಝರಿಗೆ ನೀರು ಬೀಳುವ ಎತ್ತರ ಸುಮಾರು 350 ಮೀಟರ್; ಅಷ್ಟು ಎತ್ತರದಿಂದ ಬೀಳುವ ಸಾವಿರ ಲೀಟರ್ ನೀರಿನಿಂದ, ನಷ್ಟಗಳನ್ನು ಕಳೆದು, 0.85 ಯೂನಿಟ್‌ನಷ್ಟು ಹುಟ್ಟುತ್ತದೆ. ಹೀಗೆ ಒಂದು ಟಿಎಂಸಿ ನೀರು ನಾಗಝರಿಯೊಂದನ್ನೇ ತಪ್ಪಿಸಿಕೊಂಡರೂ ಸುಮಾರು 2.4 ಕೋಟಿ ಯೂನಿಟ್ ಕಡಿಮೆಯಾಗಿ, ಅದನ್ನು ಕಲ್ಲಿದ್ದಲಿನಿಂದ ತುಂಬಿದರೆ ಹೆಚ್ಚು ಕಡಿಮೆ 20 ಸಾವಿರ ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ.

ಅಧ್ಯಾಪಕಿ: ಲೆಕ್ಕ ಸರಿಯಿದೆ, ಆದರೆ ಅದನ್ನು ಹಳಿಯಾಳದ ಊರೊಂದರ ಕಟ್ಟೆಯ ಮೇಲೆ ಕುಳಿತವರಿಗೆ ಹೇಳುವಾಗ ಇನ್ನೊಂದು ಮಾತನ್ನೂ ಹೇಳಬೇಕಾಗುತ್ತದೆ. ಹಳಿಯಾಳದ ನೆಲದ ಮೇಲೆ ಬಿದ್ದ ಮಳೆಯ ಒಂದು ಪಾಲು ತಟ್ಟಿಹಳ್ಳದಲ್ಲಿ ಹರಿದು, ಅಲ್ಲಿನ ಅಣೆಕಟ್ಟಿನಿಂದ ಬೊಮ್ಮನಹಳ್ಳಿಯ ಕಡೆಗೆ ತಿರುಗಿ, ಇದೇ ನಾಗಝರಿಗೆ ಬೀಳುತ್ತದೆ. ಅಂದರೆ ಆ ಜನ ಕೇಳುತ್ತಿರುವುದು ಬೇರೆಯವರ ನೀರನ್ನಷ್ಟೇ ಅಲ್ಲ, ತಮ್ಮ ಸೀಮೆಯಿಂದ ಇಳಿದುಹೋದ ನೀರಿನ ಸ್ವಲ್ಪ ಪಾಲನ್ನು ಹಿಂದಕ್ಕೆ. 20 ಸಾವಿರ ಟನ್ನಿನ ಹೊಣೆಯನ್ನು ಅವರ ತಲೆಗೆ ಕಟ್ಟುವ ಮುನ್ನ, ಇಷ್ಟು ವರ್ಷ ಉಳಿದ ಇಂಗಾಲದಲ್ಲಿ ಅವರ ಪಾಲೆಷ್ಟೆಂದೂ ಹೇಳುವುದು ನ್ಯಾಯ.

ಇಂಜಿನಿಯರ್: ಅದು ಒಪ್ಪತಕ್ಕ ಮಾತು. ಆದರೆ ಎತ್ತಿದ ನೀರು ಯಾವ ಬೆಳೆಗೆ ಹೋಗುತ್ತದೆ ಎಂಬುದನ್ನು ಕೇಳದೆ ಬಿಡಲಾಗದು. ಜೋಳ, ಭತ್ತ, ಹತ್ತಿಗಳ ಜಾಗದಲ್ಲಿ ಹಳಿಯಾಳದಲ್ಲಿ ಕಬ್ಬು ಹಬ್ಬಿದೆ. ಕಬ್ಬಿನಿಂದ ಎಥನಾಲ್, ಅಂದರೆ ಪೆಟ್ರೋಲಿಗೆ ಬೆರೆಸುವ ಮದ್ಯಸಾರ, ಸಿಗುತ್ತದೆ; ದೇಶದಲ್ಲಿ 2025ರ ಹೊತ್ತಿಗೆ ಪೆಟ್ರೋಲಿಗೆ ಶೇ 20ರಷ್ಟು ಬೆರೆಸುವ ಹಂತ ಮುಟ್ಟಿತು. ಹವಾಮಾನದ ದೃಷ್ಟಿಯಿಂದ ಕಬ್ಬನ್ನೂ ಸಮರ್ಥಿಸುವವರಿದ್ದಾರೆ.

ಅಧ್ಯಾಪಕಿ: ಆ ಸಮರ್ಥನೆಯನ್ನು ತಾವು ಈಗಷ್ಟೇ ಹಿಡಿದ ತಕ್ಕಡಿಯಲ್ಲೇ ತೂಗಿ ನೋಡಬಹುದು, ಸರ್. ನೀತಿ ಆಯೋಗ 2021ರ ಜೂನ್‌ನಲ್ಲಿ ಪ್ರಕಟಿಸಿದ ಎಥನಾಲ್ ಕುರಿತ ವರದಿಯಲ್ಲಿ, ಕಬ್ಬಿನಿಂದ ಒಂದು ಲೀಟರ್ ಎಥನಾಲ್ ಪಡೆಯಲು ಸುಮಾರು 2860 ಲೀಟರ್ ನೀರು ಬೇಕೆಂದು ಹೇಳಿದೆ. ಅಷ್ಟು ನೀರು ನಾಗಝರಿಯಲ್ಲಿ ಬಿದ್ದರೆ?

ಇಂಜಿನಿಯರ್: ಸುಮಾರು 2.4 ಯೂನಿಟ್. ಕಲ್ಲಿದ್ದಲಿನ ಲೆಕ್ಕದಲ್ಲಿ ಎರಡು ಕಿಲೋದಷ್ಟು ಇಂಗಾಲದ ಡೈಆಕ್ಸೈಡ್ ಉಳಿಯುತ್ತದೆ. ಇನ್ನು ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೆಯ ಎರಡು ಭಾಗ ಮಾತ್ರ. ಒಂದು ಲೀಟರ್ ಪೆಟ್ರೋಲು ಉರಿದರೆ 2.3 ಕಿಲೋ ಹೊರಬೀಳುವುದರಿಂದ, ಒಂದು ಲೀಟರ್ ಎಥನಾಲು ತಪ್ಪಿಸುವುದು ಹೆಚ್ಚೆಂದರೆ ಒಂದೂವರೆ ಕಿಲೋ, ಅದರಲ್ಲೂ ಗೊಬ್ಬರ, ಟ್ರ್ಯಾಕ್ಟರು, ಪಂಪುಗಳ ಇಂಗಾಲವನ್ನು ಇನ್ನೂ ಕಳೆಯಬೇಕು. ಹಾಗಾದರೆ ಕಾಳಿಯಿಂದಲೇ ಎತ್ತಿದ ನೀರಿನಲ್ಲಿ ಬೆಳೆದ ಕಬ್ಬಿನ ಎಥನಾಲು, ಆ ನೀರು ನದಿಯಲ್ಲೇ ಇದ್ದಿದ್ದರೆ ಉಳಿಯುತ್ತಿದ್ದಷ್ಟು ಇಂಗಾಲವನ್ನೂ ಉಳಿಸುವುದಿಲ್ಲ.

ಅಧ್ಯಾಪಕಿ: ಹೌದು, ಆದರೆ ಈ ಫಲಿತಾಂಶವನ್ನು ಎಲ್ಲ ಕಬ್ಬಿನ ಮೇಲೂ ಹೇರುವುದು ತಪ್ಪಾಗುತ್ತದೆ. 2860 ಲೀಟರಿನಲ್ಲಿ ಹೊಲದ ಮೇಲೆ ಬಿದ್ದ ಮಳೆಯೂ ಸೇರಿದೆ, ಆ ಮಳೆಯೆಲ್ಲವೂ ನಾಗಝರಿಗೆ ಹೋಗುವುದಲ್ಲ. ಬೆಲ್ಲ, ಸಕ್ಕರೆ, ಸಿಪ್ಪೆಯಿಂದ ಬರುವ ವಿದ್ಯುತ್ತು ಎಲ್ಲವೂ ಕಬ್ಬಿನ ಫಲವೇ. ರೈತನ ಮನೆಯ ವರ್ಷದ ಆದಾಯವೂ ಅದರಿಂದಲೇ. ಈ ಲೆಕ್ಕದಿಂದ ತಿಳಿಯುವುದು ಒಂದೇ: ಇಂಗಾಲದ ಡೈಆಕ್ಸೈಡಿಗೆ ಊರಿಲ್ಲ, ರಾಯಚೂರಿನಲ್ಲಿ ಬಿಟ್ಟ ಒಂದು ಟನ್ನೂ ದಾಂಡೇಲಿಯಲ್ಲಿ ಉಳಿಸಿದ ಒಂದು ಟನ್ನೂ ಆಕಾಶಕ್ಕೆ ಒಂದೇ. ನೀರಿಗಾದರೋ ಊರುಂಟು, ಕಾಲವುಂಟು, ಎತ್ತರವುಂಟು. ಸೂಪಾದ ನೀರು, ಹಳಿಯಾಳದ ಕೊಳವೆಬಾವಿಯ ನೀರು, ಮುಂಡಗೋಡದ ಕೆರೆಯ ನೀರು ಒಂದಕ್ಕೊಂದು ಬದಲಿಯಲ್ಲ. ಇಂಗಾಲವನ್ನು ಇಡೀ ರಾಜ್ಯಕ್ಕೆ ಒಂದೇ ಪುಸ್ತಕದಲ್ಲಿ ಬರೆಯಬಹುದು, ನೀರಿನ ಪುಸ್ತಕವನ್ನು ಹಳ್ಳ ಹಳ್ಳಕ್ಕೆ ಬೇರೆಯಾಗಿಯೇ ಬರೆಯಬೇಕು. ಈಗ ಬರೆಯುತ್ತಿರುವುದು ಮೊದಲನೆಯದನ್ನು ಮಾತ್ರ.

ಇಂಜಿನಿಯರ್: ಕೊಳವೆಬಾವಿಯ ಮಾತು ಬಂದದ್ದರಿಂದ ಸೌರ ಪಂಪುಗಳ ವಿಷಯವನ್ನೂ ಎತ್ತಬೇಕು. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತವಾಗಿದೆ, ಆ ಹೊರೆಯನ್ನು ಸೂರ್ಯನ ಮೇಲೆ ಹಾಕಿದರೆ ಇಂಗಾಲ ಇಳಿಯುವುದು ಖಂಡಿತ. ಕೇಂದ್ರ ಸರ್ಕಾರದ ಕುಸುಮ್ ಯೋಜನೆ 2019ರಲ್ಲಿ ಬಂದದ್ದು ಇದಕ್ಕೇ.

ಅಧ್ಯಾಪಕಿ: ಇಂಗಾಲ ಇಳಿಯುತ್ತದೆ, ಅದರ ಜೊತೆಗೆ ಅಂತರ್ಜಲವೂ ಇಳಿಯಬಹುದು. ರಾತ್ರಿ ಮೂರು ತಾಸು ಬರುವ ವಿದ್ಯುತ್ತಿಗೆ ಕಾಯುವ ಪಂಪಿಗೆ ಒಂದು ಮಿತಿಯಾದರೂ ಇರುತ್ತದೆ, ಬಿಸಿಲು ಇರುವಷ್ಟು ಹೊತ್ತೂ ಖರ್ಚಿಲ್ಲದೆ ನಡೆಯುವ ಪಂಪನ್ನು ನಿಲ್ಲಿಸಲು ಕಾರಣವೇ ಇರುವುದಿಲ್ಲ. ಉಳಿಸಿದ ವಿದ್ಯುತ್ತನ್ನು ರೈತ ಮಾರುವಂತಾದರೆ ಮಾತ್ರ ನೀರೂ ಉಳಿಯುತ್ತದೆ. ಗುಜರಾತಿನ ಧುಂಡಿ ಎಂಬ ಹಳ್ಳಿಯಲ್ಲಿ ರೈತರ ಸಹಕಾರ ಸಂಘ ಅದನ್ನು ಮಾಡಿತು, ನಮ್ಮ ರಾಜ್ಯದಲ್ಲೇ ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಸೂರ್ಯ ರೈತ ಯೋಜನೆ ಅದೇ ಉದ್ದೇಶದಿಂದ ಆರಂಭವಾಗಿತ್ತು. ಹೊಲದ ಮಟ್ಟದಲ್ಲಿ ಇನ್ನೂ ಸರಳವಾದ ದಾರಿಯೂ ಉಂಟು. ಕಬ್ಬು ಕಡಿದ ಮೇಲೆ ಹೊಲದಲ್ಲಿ ಮೊಣಕಾಲೆತ್ತರ ಬೀಳುವ ಒಣ ಎಲೆಗೆ ಈ ಕಡೆ ರವದಿ ಎನ್ನುತ್ತಾರೆ. ಸಾಮಾನ್ಯವಾಗಿ ಅದಕ್ಕೆ ಬೆಂಕಿ ಇಡುತ್ತಾರೆ, ಒಂದು ಸಂಜೆಯಲ್ಲಿ ಎಕರೆಗಟ್ಟಲೆ ಹೊಲ ಕಪ್ಪಾಗುತ್ತದೆ. ಅದನ್ನೇ ಸಾಲು ಬಿಟ್ಟು ಸಾಲಿಗೆ ಹರಡಿದರೆ ಕುಳೆ ಕಬ್ಬಿನ ಬುಡದ ಮಣ್ಣು ಮಾರ್ಚಿನಲ್ಲೂ ಬೆರಳಿಗೆ ತಂಪಾಗಿ ಅಂಟುತ್ತದೆ, ನೀರು ಹಾಯಿಸುವ ಸರದಿಯನ್ನು ಮುಂದೂಡಬಹುದು, ಹೊಗೆಯೂ ಇಲ್ಲ. ನೀರಿಗೂ ಇಂಗಾಲಕ್ಕೂ ಒಟ್ಟಿಗೆ ಒಳ್ಳೆಯದಾಗುವ ಇಂಥ ಕೆಲಸಗಳು ಹೆಚ್ಚಿಲ್ಲ, ಇರುವವನ್ನು ಮೊದಲು ಮಾಡಬೇಕು.

ಇಂಜಿನಿಯರ್: ಕಾರ್ಖಾನೆಗಳಲ್ಲಿ ಮಾತ್ರ ಹೀಗೆ ಎರಡೂ ಒಟ್ಟಿಗೆ ಒದಗುವುದು ಕಡಿಮೆ. ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ 1959ರಿಂದ ಕಾಗದ ಮಾಡುತ್ತಿದೆ. ಕಟ್ಟಿಗೆಯನ್ನು ರಾಸಾಯನಿಕಗಳಲ್ಲಿ ಬೇಯಿಸಿ ತಿರುಳು ತೆಗೆಯುವ ಇಂಥ ಉದ್ದಿಮೆಗಳಲ್ಲಿ ಉಳಿಯುವ ಕಪ್ಪು ದ್ರವವನ್ನು ಉರಿಸಿ ಹಬೆ, ವಿದ್ಯುತ್ತುಗಳನ್ನು ಪಡೆಯುತ್ತಾರೆ, ಅಷ್ಟರಮಟ್ಟಿಗೆ ಕಲ್ಲಿದ್ದಲು ಉಳಿಯುತ್ತದೆ. ಆದರೆ ಬಳಸಿದ ನೀರನ್ನು ಮತ್ತೆ ಮತ್ತೆ ಒಳಗೇ ತಿರುಗಿಸಿದಂತೆ ಅದರಲ್ಲಿ ಲವಣಗಳು ಸೇರಿಕೊಳ್ಳುತ್ತವೆ. ಒಂದು ಹನಿಯನ್ನೂ ಹೊರಬಿಡಬಾರದೆಂದರೆ ಸೂಕ್ಷ್ಮ ಪರದೆಗಳ ಮೂಲಕ ಒತ್ತಡದಿಂದ ಸೋಸಿ, ಉಳಿದದ್ದನ್ನು ಕಾಯಿಸಿ ಒಣಗಿಸಬೇಕು. ಇದಕ್ಕೆ ಶೂನ್ಯ ದ್ರವ ವಿಸರ್ಜನೆ ಎಂದು ಹೆಸರು, ಅದು ವಿಪರೀತ ಶಕ್ತಿಯನ್ನು ನುಂಗುತ್ತದೆ.

ಅಧ್ಯಾಪಕಿ: ಹಾಗೆಂದು ಹೊಳೆಯ ನೀರು ಕೆಡುವುದನ್ನು ಇಂಗಾಲದ ಹೆಸರಿನಲ್ಲಿ ಒಪ್ಪಲಾಗದು. ದಾಂಡೇಲಿಯ ಕೆಳಗೆ ಕಾಳಿಯಲ್ಲಿ ಮೊಸಳೆಗಳಿವೆ, ಮೀನು ಹಿಡಿಯುವವರಿದ್ದಾರೆ. ಬೇಸಿಗೆಯಲ್ಲಿ ಹೊಳೆ ಸಣ್ಣದಾದಾಗ ಸಂಸ್ಕರಿಸಿದ ನೀರೂ ಭಾರವಾಗುತ್ತದೆ, ಮಳೆಗಾಲದಲ್ಲಿ ಅದೇ ನೀರು ತೇಲಿಹೋಗುತ್ತದೆ. ವರ್ಷವಿಡೀ ಒಂದೇ ನಿಯಮವಿರುವುದರ ಬದಲು ಹೊಳೆಯ ಹರಿವನ್ನು ನೋಡಿ ಬಿಗಿಯಾಗುವ ನಿಯಮವಿದ್ದರೆ, ಶಕ್ತಿಯನ್ನು ಹೆಚ್ಚು ವ್ಯಯಿಸಬೇಕಾದ್ದು ಜನವರಿಯಿಂದ ಮೇವರೆಗೆ ಮಾತ್ರ. ಕಾಗದದ ಕಟ್ಟಿಗೆಯ ವಿಷಯ ಬಂದಾಗ ಇನ್ನೂ ಒಂದು ಮಾತು ಉಳಿಯುತ್ತದೆ: ಇಂಗಾಲವನ್ನು ಹೀರಲು ಮರ ನೆಡುವುದು. ಬೇಗ ಬೆಳೆಯುವ ಅಕೇಶಿಯಾ, ನೀಲಗಿರಿಗಳು ಇಂಗಾಲವನ್ನೂ ಬೇಗ ಹೀರುತ್ತವೆ, ನೀರನ್ನೂ ಬೇಗ ಹೀರುತ್ತವೆ. ಜಗದೀಶ ಕೃಷ್ಣಸ್ವಾಮಿ ಮತ್ತು ಸಂಗಡಿಗರು ಇದೇ ಉತ್ತರ ಕನ್ನಡದಲ್ಲಿ ನೈಸರ್ಗಿಕ ಕಾಡು, ಬಳಕೆಯಿಂದ ಸೊರಗಿದ ಕಾಡು, ಅಕೇಶಿಯಾ ನೆಡುತೋಪುಗಳನ್ನು ಅಕ್ಕಪಕ್ಕ ಇಟ್ಟು ಅಧ್ಯಯನ ಮಾಡಿದರು. ಅಲ್ಲಿ ತೂಗಬೇಕಾದ್ದು ಎರಡು ಸಂಗತಿ, ಮಳೆಯ ನೀರನ್ನು ಮಣ್ಣಿಗೆ ಇಂಗಿಸುವ ಶಕ್ತಿ ಮತ್ತು ಎಲೆಗಳ ಮೂಲಕ ಆವಿಯಾಗಿಸುವ ವೇಗ. ಹಳೆಯ ಕಾಡಿನ ಮಣ್ಣು ಬೇರು, ಹುಳು, ಎಲೆಗೊಬ್ಬರಗಳಿಂದ ಸಡಿಲವಾಗಿ ಮಳೆಯನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಬೇಸಿಗೆಯಲ್ಲಿ ಹಳ್ಳ ಹರಿಯುವುದು ಆ ನೀರಿನಿಂದ. ಜೋಯಿಡಾದ ಕುಣಬಿ ಸಮುದಾಯದವರು ಕಾಡಿನಂಚಿನಲ್ಲಿ ಮಳೆಯ ನೀರಿನಲ್ಲೇ ಬಗೆಬಗೆಯ ಗೆಡ್ಡೆ ಗೆಣಸುಗಳನ್ನು ಬೆಳೆಯುತ್ತಾರೆ, ಪಂಪೂ ಬೇಡ, ಗೊಬ್ಬರದ ಚೀಲವೂ ಬೇಡ. ಅಂಥ ನೆಲವನ್ನು ಇಂಗಾಲದ ತೋಪು ಮಾಡಲು ಹೊರಡುವುದು ಇದ್ದದ್ದನ್ನು ಕಳೆದುಕೊಂಡಂತೆ.

ಇಂಜಿನಿಯರ್: ಇನ್ನು ಮುಂಡಗೋಡ. ಭತ್ತದ ಗದ್ದೆಯಲ್ಲಿ ನಿಂತ ನೀರಿನಿಂದಲೂ ಮೀಥೇನ್ ಬರುತ್ತದೆ ಎನ್ನುತ್ತಾರೆ.

ಅಧ್ಯಾಪಕಿ: ಬರುತ್ತದೆ, ಸೂಪಾದ ತಳದಲ್ಲಿ ನಡೆಯುವುದೇ ಗದ್ದೆಯ ಕೆಸರಿನಲ್ಲೂ ನಡೆಯುತ್ತದೆ. ಆದರೆ ಮುಂಡಗೋಡ, ಹಳಿಯಾಳಗಳ ರೈತರ ಕೈಯಲ್ಲಿ ಇದಕ್ಕೊಂದು ಹಳೆಯ ಉತ್ತರವಿದೆ. ಇಲ್ಲಿ ಬಹಳಷ್ಟು ಭತ್ತವನ್ನು ಅಗೆ ಹಾಕಿ ನಾಟಿ ಮಾಡುವುದಿಲ್ಲ. ರೋಹಿಣಿ ಮಳೆಗೆ ನೆಲ ಹದವಾದೊಡನೆ ಒಣ ಮಣ್ಣಿನಲ್ಲೇ ಕೂರಿಗೆಯಿಂದ ಸಾಲು ಹಿಡಿದು ಬಿತ್ತುತ್ತಾರೆ. ಮೊಳಕೆ ಎದ್ದ ಮೇಲೆ ಸಾಲುಗಳ ನಡುವೆ ಎಡೆಕುಂಟೆ ಹಾಯುತ್ತದೆ, ಕಳೆ ಬೇರು ಸಮೇತ ಮೇಲೆ ಬಂದು ಬಿಸಿಲಿಗೆ ಬಾಡುತ್ತದೆ. ಗದ್ದೆಯಲ್ಲಿ ನೀರು ನಿಲ್ಲುವುದು ಮಳೆ ಬಲವಾದ ಮೇಲೆ. ಕೆಸರು ಮಾಡಲು ಬೇಕಾದ ನೀರು ಉಳಿಯಿತು, ಮೊದಲ ವಾರಗಳ ಮೀಥೇನೂ ಉಳಿಯಿತು. ಕೂರಿಗೆ ಭತ್ತವೆಂದರೆ ಕೀಳು ಬೇಸಾಯ, ನಾಟಿಯೇ ಸುಧಾರಿತ ಬೇಸಾಯ ಎಂದು ಹೇಳುತ್ತ ಬಂದದ್ದು ಈಗ ತಿದ್ದಿಕೊಳ್ಳಬೇಕಾದ ಮಾತು.

ಇಂಜಿನಿಯರ್: ಕೆರೆಯ ಕೆಳಗೆ ಬೇಸಿಗೆಯ ಭತ್ತಕ್ಕೆ?

ಅಧ್ಯಾಪಕಿ: ಅಲ್ಲಿ ಮತ್ತೊಂದು ವಿಧಾನವಿದೆ. ಮೊಳದುದ್ದಕ್ಕಿಂತ ಚಿಕ್ಕದಾದ ಪ್ಲಾಸ್ಟಿಕ್ ಪೈಪಿನ ಕೆಳಭಾಗಕ್ಕೆ ಸುತ್ತಲೂ ತೂತು ಕೊರೆದು ಗದ್ದೆಯಲ್ಲಿ ಗೇಣಿನಷ್ಟು ಆಳಕ್ಕೆ ಹೂಳಬೇಕು, ಒಳಗಿನ ಮಣ್ಣನ್ನು ತೆಗೆಯಬೇಕು. ಬಗ್ಗಿ ನೋಡಿದರೆ ನೆಲದಡಿಯ ನೀರು ಪೈಪಿನೊಳಗೆ ಎಷ್ಟು ಕೆಳಗಿದೆ ಎಂದು ಕಾಣುತ್ತದೆ. ಮೇಲ್ಮೈಯಿಂದ 15 ಸೆಂಟಿಮೀಟರ್ ಕೆಳಗೆ ಇಳಿಯುವವರೆಗೆ ನೀರು ಬಿಡುವ ಅಗತ್ಯವಿಲ್ಲ, ಬೇರಿಗೆ ಅದು ಎಟಕುತ್ತದೆ. ಹೂವಾಡುವ ವೇಳೆಯಲ್ಲಿ ಮಾತ್ರ ನೀರು ನಿಲ್ಲಿಸಬೇಕು. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಹರಡಿದ ಈ ಪದ್ಧತಿಯಿಂದ ನೀರು ಶೇ 30ರವರೆಗೆ ಉಳಿಯಬಹುದು, ಮೀಥೇನ್ ಮೂರನೆಯ ಒಂದು ಭಾಗದಿಂದ ಅರ್ಧದವರೆಗೂ ತಗ್ಗಬಹುದು. ಮಳೆಗಾಲದ ತಗ್ಗು ಗದ್ದೆಗಳಲ್ಲಿ ಇದು ನಡೆಯದು, ಅಲ್ಲಿ ನೀರನ್ನು ಹೊರಹಾಕುವುದೇ ಆಗದ ಕೆಲಸ.

ಇಂಜಿನಿಯರ್: ಕೆರೆಗಳ ಮೇಲೆ ಸೌರಫಲಕ ತೇಲಿಸಿದರೆ ನೀರು ಆವಿಯಾಗುವುದೂ ತಗ್ಗುತ್ತದೆ ಎಂಬ ಸಲಹೆ ಇದೆ.

ಅಧ್ಯಾಪಕಿ: ಅದು ಎಲ್ಲಿ ಎಂಬುದನ್ನು ಅವಲಂಬಿಸಿದೆ. ಮುಂಡಗೋಡದ ಅತ್ತಿವೇರಿಯ ಜಲಾಶಯ ಪಕ್ಷಿಧಾಮ, ಅಲ್ಲಿ ನೀರಿನ ಮೇಲ್ಮೈ ಹಕ್ಕಿಗಳದ್ದು.

ಇಂಜಿನಿಯರ್: ಹಾಗಾದರೆ ಹಳಿಯಾಳದ ಕೆರೆಗಳ ವಿಷಯಕ್ಕೇ ಮರಳುವುದು ಲೇಸು, ಏಕೆಂದರೆ ಅಲ್ಲಿ ಒಂದು ದಾರಿ ಕಾಣುತ್ತದೆ. ಬೊಮ್ಮನಹಳ್ಳಿ ಸಣ್ಣ ಜಲಾಶಯ, ಮಳೆ ಜೋರಾದಾಗ ಯಂತ್ರಗಳು ಕುಡಿಯಲಾರದಷ್ಟು ನೀರು ಬಂದು ಬಾಗಿಲುಗಳ ಮೂಲಕ ಹೊರಹೋಗುತ್ತದೆ. ಹಾಗೆ ಹೋಗುವ ನೀರು ನಾಗಝರಿಯಲ್ಲಿ ಒಂದು ಯೂನಿಟ್ಟನ್ನೂ ಹುಟ್ಟಿಸುವುದಿಲ್ಲ. ಕೆರೆ ತುಂಬಿಸುವ ಪಂಪುಗಳು ಆ ದಿನಗಳಲ್ಲಿ, ಅದರಲ್ಲೂ ಹಗಲಿನಲ್ಲಿ, ನಡೆದರೆ ಎರಡು ಬೆಲೆಗಳಲ್ಲಿ ದೊಡ್ಡದು ತಪ್ಪುತ್ತದೆ. ಅದೇ ಪಂಪು ಏಪ್ರಿಲ್‌ನ ಸಂಜೆ ನಡೆದರೆ ಎರಡೂ ಬೆಲೆ ಪೂರ್ತಿಯಾಗಿ ಬೀಳುತ್ತವೆ.

ಅಧ್ಯಾಪಕಿ: ಆಗಸ್ಟಿನಲ್ಲಿ ಎತ್ತಿದ ನೀರು ಏಪ್ರಿಲಿನವರೆಗೆ ಉಳಿಯಬೇಕಾದರೆ ಕೆರೆಯಲ್ಲಿ ಜಾಗವಿರಬೇಕು, ಹಲವು ಕೆರೆಗಳಲ್ಲಿ ಆ ಜಾಗವನ್ನು ಹೂಳು ಹಿಡಿದುಕೊಂಡಿದೆ. ಹೂಳು ತೆಗೆಯುವುದು ಪಂಪು ಕೂರಿಸುವುದರ ಮೊದಲಿನ ಕೆಲಸವಾಗಬೇಕು. ಆ ಮಣ್ಣು ಹೊಲಕ್ಕೆ ಹೋದರೆ ಒಂದಿಷ್ಟು ಇಂಗಾಲವೂ ಮಣ್ಣಿನಲ್ಲೇ ಉಳಿಯುತ್ತದೆ. ಜೋಯಿಡಾದಲ್ಲಿ ಮಳೆಯಿದ್ದು ಹಳಿಯಾಳದಲ್ಲಿ ಇಲ್ಲದ ವರ್ಷಗಳಿಗೆ ತಮ್ಮ ಲೆಕ್ಕ ಸರಿಯಾಗಿ ಹೊಂದುತ್ತದೆ. ಎರಡೂ ಕಡೆ ಇಲ್ಲದ 2023ರಂಥ ವರ್ಷ ಬಂದಾಗ ಏನು?

ಇಂಜಿನಿಯರ್: ಆಗ ಕುಡಿಯುವ ನೀರಿಗಷ್ಟೇ ಎತ್ತಬೇಕು, ಅದಕ್ಕೆ ಇಂಗಾಲದ ಲೆಕ್ಕ ಕೇಳಬಾರದು. ಕಬ್ಬಿಗೆ ಎಷ್ಟು ಎಂಬುದನ್ನು ಮೊದಲೇ ಗೊತ್ತುಮಾಡಬೇಕಾಗುತ್ತದೆ, ಬೆಳೆ ಎದೆಯೆತ್ತರ ಬೆಳೆದು ನಿಂತ ಮೇಲೆ ಇಲ್ಲವೆನ್ನಲು ಯಾರಿಂದಲೂ ಆಗುವುದಿಲ್ಲ.

ಅಧ್ಯಾಪಕಿ: ಮೊದಲೇ ಎಂದರೆ ಅಕ್ಟೋಬರಿನಲ್ಲಿ, ಹೊಸ ಕಬ್ಬು ನಾಟಿಯಾಗುವ ಮುನ್ನ. ಕೆರೆಯ ತೂಬಿನ ಕಂಬದ ಮೇಲೆ ಎರಡು ಗೆರೆ ಎಳೆದಿರಬೇಕು: ಕೆಳಗಿನ ಗೆರೆಯವರೆಗಿನ ನೀರು ದನಕರುಗಳಿಗೆ, ಸುತ್ತಲಿನ ಬಾವಿಗಳಿಗೆ, ಅದರ ಮೇಲೆ ಎಷ್ಟಿದೆಯೋ ಅಷ್ಟಕ್ಕೆ ತಕ್ಕ ಎಕರೆ. ಪಕ್ಕದ ಹಲಗೆಯ ಮೇಲೆ ಪಂಪು ಎಷ್ಟು ತಾಸು, ಯಾವ ತಿಂಗಳಲ್ಲಿ ನಡೆಯಿತು, ಎಷ್ಟು ಯೂನಿಟ್ ಹೋಯಿತು ಎಂದು ಬರೆದಿರಬೇಕು. ಆ ಅಂಕಿಗಳು ವಿದ್ಯುತ್ ಕಚೇರಿಯ ಕಡತದಲ್ಲಿ ಇರುವುದಕ್ಕಿಂತ, ಬೆಳಿಗ್ಗೆ ಎಮ್ಮೆ ಹೊಡೆದುಕೊಂಡು ಕೆರೆಗೆ ಬರುವವರ ಕಣ್ಣಿಗೆ ಬೀಳುವಂತಿರಬೇಕು.

ಇಂಜಿನಿಯರ್: ಆ ಹಲಗೆಯ ಮೇಲೆ ಸೂಪಾದ ಆ ವಾರದ ನೀರಿನ ಮಟ್ಟವನ್ನೂ ಬರೆಯಬಹುದು.

ಅಧ್ಯಾಪಕಿ: ಬರೆಯಲೇಬೇಕು, ಸರ್. ಗಣೇಶಗುಡಿಯಲ್ಲೂ ಇಂಥದ್ದೇ ಒಂದು ಹಲಗೆಯಿರಲಿ, ಅದರ ಮೇಲೆ ಹಳಿಯಾಳದ ಕೆರೆಗಳ ಮಟ್ಟವಿರಲಿ.